ಮುಖ ಕೊಟ್ಟು ಮಾತಾಡು

ನಮ್ಮ ಸ್ಟಾಫ್ ಬಸ್ಸಿನಲ್ಲಿ ಎಲ್ಲಕ್ಕಿಂತ ಮರ್ಯಾದೆಯ ಜಾಗವೆಂದರೆ ಬಾನೆಟ್ಟು. ಡ್ರೈವರ್ ಸೀಟಿನ ಎಡಕ್ಕೆ, ಎಂಜಿನ್ನನ್ನು ಮುಚ್ಚಿದ ಉಬ್ಬು ತಗಡು. ಅದರ ಮೇಲೊಂದು ರೆಕ್ಸಿನ್ ಹೊದಿಸಿದ ದಿಂಬು. ಕೂತರೆ ಕೆಳಗಿನಿಂದ ಕಾವು ಹೊಡೆಯುತ್ತಿತ್ತು. ಆದರೂ ಅಲ್ಲಿ ಕೂರುವುದಕ್ಕೆ ಪೈಪೋಟಿ. ಅಲ್ಲಿ ಕೂತವರು ಡ್ರೈವರ್ ಜೊತೆ ಹರಟಬಹುದು. ನಾವು ಅದನ್ನು ಹರಟೆ ಎನ್ನುತ್ತಿರಲಿಲ್ಲ, ಡ್ರೈವರಿಗೆ ಜೊತೆ ಕೊಡುವುದು ಎನ್ನುತ್ತಿದ್ದೆವು. ಮಾತಿಲ್ಲದಿದ್ದರೆ ಅವನಿಗೆ ತೂಕಡಿಕೆ ಬಂದೀತೆಂಬ ಕಾಳಜಿಯಂತೆ. ಬೆಳಗಿನ ಏಳು ಗಂಟೆಗೆ, ಅಷ್ಟು ಹಾರ್ನಿನ ಮಧ್ಯೆ, ಯಾವ ಡ್ರೈವರಿಗೆ ತೂಕಡಿಕೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಬಸ್ಸುಗಳ ಉಸ್ತುವಾರಿ ಹೊತ್ತಿದ್ದ ನಾನೂ ಕೇಳಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಭಾಂಡುಪಿನ ಒಂದು ಕಾರ್ಖಾನೆಯಲ್ಲಿ, ಸಿಬ್ಬಂದಿಯನ್ನು ನೋಡಿಕೊಳ್ಳುವ ಪರ್ಸೊನೆಲ್ ವಿಭಾಗದಲ್ಲಿ ನನ್ನ ಕೆಲಸ. ನಾಲ್ಕು ಬಸ್ಸುಗಳು, ಅವುಗಳ ಡ್ರೈವರುಗಳ ಹಾಜರಿ, ರಜೆ, ದೂರು ಎಲ್ಲ ನನ್ನ ಮೇಜಿಗೇ ಬರುತ್ತಿದ್ದವು. ನಾನು ಹತ್ತುತ್ತಿದ್ದುದು ಜೋಗೇಶ್ವರಿಯಿಂದ ಹೊರಟು ಅಂಧೇರಿ, ಸಾಕಿನಾಕಾ, ಪವಯಿ ಹಾದು ಭಾಂಡುಪಿಗೆ ಬರುವ ಬಸ್ಸನ್ನು. ಅದರ ಡ್ರೈವರ್ ಬಿಜಾಪುರದ ಕಡೆಯವನು. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ. ಮೊದಲು ಲಾರಿ ಓಡಿಸುತ್ತಿದ್ದವನು. ನಮ್ಮಲ್ಲಿ ಇನ್ನೂ ಟೆಂಪರರಿ. ಪರ್ಮನೆಂಟ್ ಆಗುವ ಕಾಗದಕ್ಕೆ ಕಾಯುತ್ತಿದ್ದ.

ಅವನ ಮೇಲಿದ್ದ ದೂರು ಒಂದೇ: ಭಾರೀ ಜಂಬದವನು, ಮಾತಾಡಿಸಿದರೆ ಮುಖ ಕೊಡುವುದಿಲ್ಲ. ನಿಜವೇ. ಏನು ಕೇಳಿದರೂ ಅವನ ಉತ್ತರ ಎದುರಿನ ಗಾಜಿಗೆ. ಒಂದು ದಿನ ನಾನೇ ಬಾನೆಟ್ಟಿನ ಮೇಲೆ ಕೂತು, "ಭಾನುವಾರ ಡ್ಯೂಟಿಗೆ ಬರ್ತೀಯೇನಪ್ಪ?" ಎಂದು ಕೇಳಿದೆ. "ಆಗೂದಿಲ್ರಿ" ಎಂದ. ಕತ್ತು ಇಷ್ಟೂ ಅಲುಗಲಿಲ್ಲ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಮೈಸೂರಿನವನು, ಮಾತಾಡುವಾಗ ಎದುರಿನವರ ಮುಖ ನೋಡದವನನ್ನು ನಮ್ಮ ಮನೆಯಲ್ಲಿ ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಮೈಯೆಲ್ಲ ಉರಿಯಿತು.

ಗೇಟಿನ ಹತ್ತಿರ ಅವನನ್ನು ಪಕ್ಕಕ್ಕೆ ಕರೆದೆ.

"ಮುಖ ಕೊಟ್ಟು ಮಾತಾಡೋದು ಕಲಿ. ನಾನೇನು ಗೋಡೆನಾ?"

"ತಪ್ಪ ತಿಳ್ಕೋಬ್ಯಾಡ್ರಿ ಸಾಹೇಬ್ರ. ಗಾಡಿ ಮ್ಯಾಲಿದ್ದಾಗ ರಸ್ತೆ ಬಿಟ್ಟು ಕಣ್ಣು ತೆಗೀಬ್ಯಾಡ ಅಂತ ನಮ್ಮ ಉಸ್ತಾದ್ರು ಕಲಿಸ್ಯಾರ್ರಿ. ನಾ ಎಲ್ಲಾ ಕೇಳಿಸ್ಕೋತೀನ್ರಿ."

"ಅದೆಲ್ಲ ಲಾರಿಗೆ. ಇದು ಸ್ಟಾಫ್ ಬಸ್ಸು. ಒಂದು ಕ್ಷಣ ಮುಖ ತಿರುಗಿಸಿದ್ರೆ ಲೋಕವೇನೂ ಮುಳುಗಲ್ಲ."

ಅವನು ತಲೆ ತಗ್ಗಿಸಿ, "ಆತ್ರಿ" ಎಂದ. ನಾನು ಅಷ್ಟಕ್ಕೇ ಬಿಡಲಿಲ್ಲ. ಅವನ ಫೈಲಿನಲ್ಲಿ, ಪ್ರಯಾಣಿಕರೊಂದಿಗೆ ವರ್ತನೆ ಸುಧಾರಿಸಬೇಕು, ಆಮೇಲೆ ಕಾಯಂ ಮಾಡುವ ವಿಚಾರ ಎಂದು ಬರೆದೆ. ಆರು ತಿಂಗಳ ನಂತರ, ವರ್ತನೆ ಗಮನಾರ್ಹವಾಗಿ ಸುಧಾರಿಸಿದೆ ಎಂದು ಬರೆದವನೂ ನಾನೇ. ಅವನು ಪರ್ಮನೆಂಟ್ ಆದ. ಪೇಢೆ ತಂದುಕೊಟ್ಟು, ನನ್ನ ಮುಖವನ್ನೇ ನೋಡುತ್ತ, "ನಿಮ್ಮಿಂದ ಆತ್ರಿ ಸಾಹೇಬ್ರ" ಎಂದ. ನನಗೆ ಹೆಮ್ಮೆಯಾಯಿತು.

ಅಪಘಾತವಾದ ದಿನ ನಾನು ಬಸ್ಸಿನಲ್ಲಿರಲಿಲ್ಲ, ಜ್ವರವೆಂದು ಮನೆಯಲ್ಲಿ ಮಲಗಿದ್ದೆ. ಸಾಕಿನಾಕಾ ದಾಟಿ ಪವಯಿ ಕಡೆಗೆ ಹೋಗುವ ನೇರ ರಸ್ತೆ. ಸೈಕಲ್ಲಿನ ಹಿಂದೆ ಪಾವ್ ಎನ್ನುವ ಬ್ರೆಡ್ಡು ತುಂಬಿದ ಚೀಲ ಕಟ್ಟಿಕೊಂಡು ಮನೆ ಮನೆಗೆ ಮಾರುವವನೊಬ್ಬ ಎಡಬದಿಯಲ್ಲಿ ಹೋಗುತ್ತಿದ್ದ. ಗುಂಡಿ ತಪ್ಪಿಸಲು ಒಂದು ಮೊಳ ಬಲಕ್ಕೆ ಬಂದ. ಬಸ್ಸು ಹಿಂದಿನಿಂದ ಹೊಡೆಯಿತು. ನನಗೆ ಸುದ್ದಿ ಮುಟ್ಟಿ ನಾನು ರಿಕ್ಷಾ ಹಿಡಿದು ಅಲ್ಲಿಗೆ ಹೋಗುವಷ್ಟರಲ್ಲಿ ಅವನನ್ನು ಮುನಿಸಿಪಲ್ ಆಸ್ಪತ್ರೆಗೆ ಒಯ್ದಿದ್ದರು. ರಸ್ತೆ ತುಂಬ ಪಾವ್ ಬಿದ್ದಿತ್ತು. ಡ್ರೈವರ್ ಅವನ್ನು ಒಂದೊಂದಾಗಿ ಹೆಕ್ಕಿ ಚೀಲಕ್ಕೆ ತುಂಬುತ್ತಿದ್ದ. ಪೊಲೀಸಿನವನು ರಟ್ಟೆ ಹಿಡಿದು ಎಬ್ಬಿಸಿದರೂ ಮತ್ತೆ ಬಗ್ಗುತ್ತಿದ್ದ.

ಮೂರನೆಯ ದಿನ ಪಾವ್‌ವಾಲಾ ತೀರಿಕೊಂಡ. ಊರಿನಿಂದ ಬಂದ ಅವನ ತಮ್ಮ ಪೊಲೀಸ್ ಠಾಣೆಯ ಅಂಗಳದಲ್ಲಿ, ಮಡಚಿಹೋಗಿದ್ದ ಸೈಕಲ್ಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದ. ನಾನು ಅವನ ಹತ್ತಿರ ಹೋಗಬೇಕೆಂದುಕೊಂಡೆ. ಅಂಗಳದ ಅಂಚಿನ ತನಕ ಹೋಗಿ ವಾಪಸು ಬಂದೆ.

ಕಾರಣ ಹುಡುಕಿ ವರದಿ ಕೊಡು ಎಂದು ಪರ್ಸೊನೆಲ್ ಮ್ಯಾನೇಜರ್ ಹೇಳಿದರು. ಅದರ ಮೇಲೆ ಡ್ರೈವರಿನ ಕೆಲಸ ನಿಂತಿತ್ತು. ಬಸ್ಸಿನದೇ ದೋಷವೆಂದಾದರೆ ಅವನು ಉಳಿಯುತ್ತಾನೆ. ಹಾಗಾಗಲಿ ಎಂದೇ ನಾನು ಹುಡುಕತೊಡಗಿದೆ. ಆರ್‌ಟಿಓ ಇನ್ಸ್‌ಪೆಕ್ಟರ್ ಬಸ್ಸನ್ನು ನೋಡಿ, ಬ್ರೇಕ್ ಸರಿಯಿದೆ, ಸ್ಟಿಯರಿಂಗ್ ಸರಿಯಿದೆ ಎಂದು ಬರೆದುಕೊಟ್ಟರು. ನನಗೆ ನಂಬಿಕೆ ಬರಲಿಲ್ಲ. ನಮ್ಮ ಮೆಕ್ಯಾನಿಕ್ಕಿನಿಂದ ನಾಲ್ಕೂ ಚಕ್ರದ ಡ್ರಮ್ ಬಿಚ್ಚಿಸಿದೆ. ಲೈನರ್ ಸವೆದಿರಲಿಲ್ಲ, ಎಣ್ಣೆ ಸೋರಿರಲಿಲ್ಲ. ಕಾರ್ಖಾನೆಯ ಹಿಂದಿನ ಖಾಲಿ ರಸ್ತೆಯಲ್ಲಿ ಸೀಟುಗಳ ಮೇಲೆ ಮರಳಿನ ಚೀಲ ಹೇರಿ, ಸುಣ್ಣದ ಗೆರೆ ಎಳೆದು, ಮತ್ತೆ ಮತ್ತೆ ಬ್ರೇಕ್ ಹಾಕಿಸಿದೆ. ಪ್ರತಿ ಸಲವೂ ಬಸ್ಸು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಹಾಳಾದ ಬಸ್ಸು, ಒಂದು ಸಲವಾದರೂ ಜಾರಬಾರದೇ ಎಂದು ಬೈದುಕೊಂಡೆ.

ಟೇಪು ಹಿಡಿದು ಅಪಘಾತದ ಜಾಗಕ್ಕೆ ಮತ್ತೆ ಹೋದೆ. ಟೈರು ಉಜ್ಜಿದ ಕಪ್ಪು ಗೆರೆಗಳು ಇನ್ನೂ ಇದ್ದವು. ಅವು ಸೈಕಲ್ಲು ಬಿದ್ದ ಜಾಗಕ್ಕೆ ಮುಂಚೆ ಶುರುವಾಗಿರಲಿಲ್ಲ, ಅದನ್ನು ದಾಟಿದ ಮೇಲೆ ಶುರುವಾಗಿದ್ದವು. ಅಂದರೆ ಹೊಡೆದ ಸದ್ದು ಕೇಳುವವರೆಗೂ ಅವನು ಬ್ರೇಕು ತುಳಿದಿಲ್ಲ. ನೇರ ರಸ್ತೆ, ಬೆಳಗಿನ ಬೆಳಕು, ಎದುರಿಗೇ ಸೈಕಲ್ಲು. ಕಾಣದಿರುವುದು ಹೇಗೆ?

ಬಾನೆಟ್ಟಿನ ಮೇಲೆ ಆ ದಿನ ಕೂತಿದ್ದವರು ಅಕೌಂಟ್ಸಿನ ಹಿರಿಯ ಗುಮಾಸ್ತರು, ಮಂಗಳೂರಿನ ಕಡೆಯವರು. ಕೇಳಿದೆ.

"ನಾನೆಂತ ಮಾಡಿದ್ದು ಮಾರಾಯ್ರೆ? ಮಗಳ ಮದುವೆ ಎಲ್ಲಿಗೆ ಬಂತು ಅಂತ ಕೇಳಿದೆ, ಅಷ್ಟೇ. ಪಾಪ, ಎಷ್ಟು ಖುಷಿಯಲ್ಲಿ ಹೇಳ್ಲಿಕ್ಕೆ ಶುರು ಮಾಡಿದ ಗೊತ್ತುಂಟಾ?" ಎಂದವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನಾನು ಟೈಮ್ ಸ್ಟಡಿ ವಿಭಾಗದಿಂದ ಸ್ಟಾಪ್‌ವಾಚ್ ಬೇಡಿ ತಂದೆ. ಕೆಲಸಗಾರ ಒಂದು ಬೋಲ್ಟು ಬಿಗಿಯಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಾನೆ ಎಂದು ಅಳೆಯುವ ಗಡಿಯಾರ. ಅದನ್ನು ಅಂಗೈಯಲ್ಲಿ ಬಚ್ಚಿಟ್ಟುಕೊಂಡು ಒಂದು ವಾರ ಉಳಿದ ಮೂರು ಬಸ್ಸುಗಳಲ್ಲಿ ಎರಡನೆಯ ಸಾಲಿನಲ್ಲಿ ಕೂತೆ. ಡ್ರೈವರ್ ಮುಖ ತಿರುಗಿಸಿದಾಗ ಒತ್ತುವುದು, ಮತ್ತೆ ರಸ್ತೆಗೆ ಮರಳಿದಾಗ ಒತ್ತುವುದು. ಬರಿಯ ಹೂಂ ಎನ್ನುವುದಕ್ಕೆ ಒಂದು ಸೆಕೆಂಡು. ನಕ್ಕು ಉತ್ತರ ಕೊಡುವುದಕ್ಕೆ ಎರಡು. ಕೂತವರು ಹಿರಿಯರಾಗಿದ್ದರೆ ಇನ್ನೂ ಹೆಚ್ಚು, ಯಾಕೆಂದರೆ ಹಿರಿಯರ ಮಾತು ಮುಗಿಯುವ ಮೊದಲು ಮುಖ ತಿರುಗಿಸಿಕೊಳ್ಳುವುದು ಅವಮಾನ. ರಾತ್ರಿ ಊಟವಾದ ಮೇಲೆ ಗುಣಿಸಿ ನೋಡಿದೆ. ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಎರಡು ಸೆಕೆಂಡಿಗೆ ಬಸ್ಸು ಇಪ್ಪತ್ತೆರಡು ಮೀಟರು ಹೋಗುತ್ತದೆ. ಎರಡು ಬಸ್ಸನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ದೂರ, ಅಷ್ಟೂ ಕುರುಡು. ಗೇಟಿನ ಹತ್ತಿರ ನಾನೇ ಆಡಿದ ಮಾತು ಆಗಲೂ ನೆನಪಿಗೆ ಬರಲಿಲ್ಲ ಎಂದರೆ ಓದುವವರು ನಂಬಲಿಕ್ಕಿಲ್ಲ. ನನ್ನನ್ನು ಬಿಟ್ಟು ಎಲ್ಲರನ್ನೂ ಅಳೆದಿದ್ದೆ.

ಜಾಮೀನಿನ ಮೇಲೆ ಬಿಡುಗಡೆಯಾಗಿದ್ದ ಡ್ರೈವರನ್ನು ನೋಡಲು ಜೋಗೇಶ್ವರಿಗೆ ಹೋದೆ. ಸಣ್ಣ ಸಣ್ಣ ವರ್ಕ್‌ಶಾಪುಗಳ ಮಧ್ಯೆ ಸಾಲುಮನೆಗಳ ಚಾಳ್, ಒಂದೇ ಕೋಣೆ. ಅವನ ಹೆಂಡತಿ ಸೆರಗು ಸರಿಮಾಡಿಕೊಂಡು, "ಅಂದರ್ ಆವ್ ಸಾಬ್" ಎಂದು ಚಾಪೆ ಹಾಕಿದಳು. ಮದುವೆ ಗೊತ್ತಾಗಿದ್ದ ಮಗಳು ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ನಾನು ಹಾಳೆ ತೆಗೆದೆ.

"ನೀನು ಲಾರಿಯಿಂದ ಬಂದವನು. ಎಷ್ಟು ಹೊತ್ತು ಮುಖ ತಿರುಗಿಸಿದ್ದೆ? ಯಾಕೆ ತಿರುಗಿಸಿದೆ? ಸತ್ಯ ಹೇಳು, ನಿನಗೆ ಅನುಕೂಲ ಆಗೋ ಹಾಗೇ ಬರೀತೀನಿ."

ಅವನು ನನ್ನ ಮುಖ ನೋಡಿ, ಎಳ್ಳಷ್ಟೂ ಸಿಟ್ಟಿಲ್ಲದೆ ಹೇಳಿದ.

"ನೀವ ಹೇಳಿದ್ರಲ್ರಿ ಸಾಹೇಬ್ರ, ಮುಖಾ ಕೊಟ್ಟು ಮಾತಾಡು ಅಂತ. ಮೊದ್ಲ ಭಾಳ ತ್ರಾಸ ಆತ್ರಿ. ಕತ್ತ ತಿರುಗತಿದ್ದಿಲ್ಲ. ಮನ್ಯಾಗ ಕುಂತು ರೂಢಿ ಮಾಡ್ಕೊಂಡೆ. ಇಕೀ ಬಾಜೂಕ ಕುಂದರತಿದ್ಲು, ನಾ ತಾಟ ಹಿಡ್ಕೊಂಡು ತಿರುಗ್ತಿದ್ದೆ."

ತಾಟೇ ಸ್ಟಿಯರಿಂಗು. ಇದೇ ಚಾಪೆಯ ಮೇಲೆ ಕೂತು, ಊಟದ ತಟ್ಟೆ ಹಿಡಿದು, ಹೆಂಡತಿಯನ್ನು ಬಾನೆಟ್ಟಿನ ಮೇಲಿನ ಸಾಹೇಬರೆಂದು ತಿಳಿದು, ಅವನು ಕತ್ತು ತಿರುಗಿಸುವುದನ್ನು ಕಲಿತಿದ್ದ. ಲಾರಿಯ ಉಸ್ತಾದ್ ವರ್ಷಗಟ್ಟಲೆ ಹೊಡೆದು ಬಡಿದು ಕಲಿಸಿದ್ದನ್ನು ಒಂದು ಕಾಗದಕ್ಕಾಗಿ ಮರೆತಿದ್ದ. ಅವನ ಹೆಂಡತಿ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ, ನಾನು ಹಾಳೆಯನ್ನು ನೋಡುತ್ತ ಕೂತಿದ್ದೆ. ಅದರ ಮೇಲೆ ಒಂದಕ್ಷರವನ್ನೂ ಬರೆದಿರಲಿಲ್ಲ. ಅವರ ಮನೆಯಲ್ಲಿ ನೀರು ಕುಡಿಯುವ ಧೈರ್ಯವೂ ನನಗಾಗಲಿಲ್ಲ.

ಎರಡು ದಿನ ನಿದ್ದೆ ಮಾಡಲಿಲ್ಲ. ಮೂರನೆಯ ದಿನ ವರದಿ ಬರೆದೆ. ಬ್ರೇಕು, ಟೈರಿನ ಗೆರೆ, ಸ್ಟಾಪ್‌ವಾಚ್ ಎಲ್ಲದರ ಕೊನೆಗೆ ನನ್ನ ಮಾತನ್ನೂ, ಫೈಲಿನಲ್ಲಿ ನಾನು ಬರೆದ ಎರಡೂ ಷರಾಗಳನ್ನೂ ಸೇರಿಸಿದೆ. ಇವನ ತಪ್ಪಿಗೆ ಮೊದಲ ಕಾರಣ ನಾನು ಎಂದು ಬರೆದೆ. ನನ್ನ ಕೆಲಸ ಹೋದರೂ ಹೋಗಲಿ, ಅವನದು ಉಳಿಯಲಿ ಎಂದು ನಿಜವಾಗಿಯೂ ಅನ್ನಿಸಿತ್ತು.

ಮ್ಯಾನೇಜರ್ ಕೆಟ್ಟವರಲ್ಲ. ಓದಿ, ಬಾಗಿಲು ಮುಚ್ಚಿ, "ಅರೇ ಭಾಯ್, ತೂ ಪಾಗಲ್ ಹೈ ಕ್ಯಾ?" ಎಂದರು. ಕೊನೆಯ ಪ್ಯಾರಾದ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿದರು. ವಿಚಾರಣೆ ನಡೆಯುವುದು ಡ್ರೈವರಿನ ಬಗ್ಗೆ, ನಿನ್ನ ಬಗ್ಗೆ ಅಲ್ಲ ಎಂದರು. "ಹಾಗಾದರೆ ವಿಚಾರಣೆಯಲ್ಲೇ ಹೇಳುತ್ತೇನೆ" ಎಂದೆ. "ಹೇಳು" ಎಂದರು.

ವಿಚಾರಣೆ ನಡೆಸಿದವರು ಹೊರಗಿನ ವಕೀಲರು. ಎಲ್ಲವೂ ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಟೈಪಿಸ್ಟ್. ಎದುರಿನ ಕುರ್ಚಿಯಲ್ಲಿ ಡ್ರೈವರ್, ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ಬಂದಿದ್ದ.

"ರಸ್ತೆಯಿಂದ ಕಣ್ಣು ತೆಗೆ ಎಂದು ನೀವು ಆದೇಶ ಕೊಟ್ಟಿದ್ದಿರಾ?" ವಕೀಲರು ಕೇಳಿದರು.

"ಮುಖ ಕೊಟ್ಟು ಮಾತಾಡು ಅಂದಿದ್ದೆ."

"ಹಾಗೆಂದರೆ?"

ಇಂಗ್ಲಿಷಿಗೆ ತಿರುಗಿಸಿ, "ಗಿವ್ ಫೇಸ್" ಎಂದೆ. ವಕೀಲರು ನಕ್ಕರು. ಟೈಪಿಸ್ಟ್ ಬೆರಳೆತ್ತಿ ಕಾದಳು. "ಗಿವ್ ಯುವರ್ ಫೇಸ್ ಆಂಡ್ ಟಾಕ್" ಎಂದೆ. ನನ್ನ ಕಿವಿಗೇ ಅದು ಹುಚ್ಚನ ಮಾತಿನಂತೆ ಕೇಳಿಸಿತು. ಇದು ನಮ್ಮಲ್ಲಿ ಬೈಗುಳ, ಮುಖ ಕೊಡದವನು ಎಂದರೆ ಮರ್ಯಾದೆ ಗೊತ್ತಿಲ್ಲದವನು ಎಂದರ್ಥ ಎಂದೆಲ್ಲ ವಿವರಿಸಿದೆ. "ಓಹೋ, ಮರ್ಯಾದೆ" ಎಂದು ವಕೀಲರು ಆ ಒಂದು ಎಳೆಯನ್ನು ಹಿಡಿದುಕೊಂಡು ಟೈಪಿಸ್ಟಿಗೆ ಹೇಳಿ ಬರೆಸಿದರು: ಪ್ರಯಾಣಿಕರೊಂದಿಗೆ ಸೌಜನ್ಯದಿಂದ ನಡೆದುಕೊಳ್ಳುವಂತೆ ಸಾಕ್ಷಿಯು ಚಾಲಕನಿಗೆ ಈ ಮೊದಲೇ ಬುದ್ಧಿ ಹೇಳಿದ್ದರು.

ಹಾಗಲ್ಲ ಎಂದೆ. ಮತ್ತೆ ವಿವರಿಸಿದೆ. ಸೌಜನ್ಯದಿಂದ ನಡೆದುಕೋ ಎಂದರೆ ಅಜಾಗರೂಕತೆಯಿಂದ ಓಡಿಸು ಎಂದಾಗುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಲಾರಿಗೊಂದು ನಿಯಮ, ಸ್ಟಾಫ್ ಬಸ್ಸಿಗೊಂದು ಎಂದು ನಾನು ಹೇಳಿದ್ದು ಬಾಯಿಯ ತನಕ ಬಂತು. ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ನನ್ನ ಮಗನಿಗೆ ಆ ವರ್ಷ ಕಾಲೇಜು. ಬಂದ ಮಾತನ್ನು ನುಂಗಿಕೊಂಡೆ. ಟೈಪು ಮಾಡಿದ ಹಾಳೆ ಮುಂದಿಟ್ಟರು. ಸಹಿ ಹಾಕಿದೆ.

"ಸಾಕ್ಷಿಗೆ ಏನಾದರೂ ಕೇಳುವುದಿದೆಯೇ?" ಎಂದು ಡ್ರೈವರನ್ನು ಹಿಂದಿಯಲ್ಲಿ ಕೇಳಿದರು. ಅವನು ನನ್ನ ಕಡೆ ನೋಡಿದ. ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.

"ಇಲ್ರಿ" ಎಂದ, ಕನ್ನಡದಲ್ಲೇ.

ತಿಂಗಳೊಳಗೆ ಅವನನ್ನು ತೆಗೆದುಹಾಕಿದರು. ಲೈಸೆನ್ಸ್ ಕೋರ್ಟಿನಲ್ಲಿತ್ತು, ಕೇಸು ಎಳೆಯುತ್ತಲೇ ಇತ್ತು. ಮಗಳ ಮದುವೆ ಮುರಿದುಬಿತ್ತೆಂದು ಗುಮಾಸ್ತರು ಹೇಳಿದರು. ಅವರು ಆಮೇಲೆ ಬಸ್ಸು ಬಿಟ್ಟು ಲೋಕಲ್ ಟ್ರೇನಿನಲ್ಲಿ ಬರತೊಡಗಿದ್ದರು. ಮೊದಲೇ ಬುದ್ಧಿ ಹೇಳಿದ್ದ ಅಧಿಕಾರಿ ಎಂದು ನನಗೆ ಮಾತ್ರ ಒಳ್ಳೆಯ ಹೆಸರು ಬಂತು.

ಆ ಹೆಸರನ್ನಾದರೂ ಒಳ್ಳೆಯದಕ್ಕೆ ಬಳಸೋಣವೆಂದು ಹೊರಟೆ. ಬಾನೆಟ್ಟಿನ ದಿಂಬುಗಳನ್ನು ಕೀಳಿಸಿದೆ. ಡ್ರೈವರ್ ಜೊತೆ ಮಾತಾಡಬಾರದು ಎಂದು ಮೂರು ಭಾಷೆಯಲ್ಲಿ ಬೋರ್ಡ್ ಬರೆಸಿದೆ. ವಾರ ಕಳೆಯುವುದರೊಳಗೆ ಅದರ ಮೊಳೆಗೆ ಊಟದ ಡಬ್ಬಿಯ ಚೀಲಗಳು ನೇತಾಡಿದವು. ಮನೆಯಿಂದ ಒಬ್ಬರು ಹೊಸ ದಿಂಬು ಹೊಲಿಸಿಕೊಂಡು ಬಂದರು. ಮನೆಯವರಿಗೆ ತಿಳಿದರೆ ಮಿಕ್ಕವರಿಗೆ ತಿಳಿದೀತೆಂದು ಕಾರ್ಖಾನೆಯ ಕುಟುಂಬಗಳನ್ನು ಸೇರಿಸಿ, ಸ್ಟಾಪ್‌ವಾಚ್ ತೋರಿಸಿ, ಎರಡು ಸೆಕೆಂಡು ಕಣ್ಣು ಮುಚ್ಚಿ ನಡೆಯಿರಿ ಎಂದೆ. ಮಕ್ಕಳು ಅದನ್ನು ಆಟ ಮಾಡಿಕೊಂಡು ಕೇಕೆ ಹಾಕಿದರು. ನನ್ನ ಹೆಂಡತಿಯೇ ಸ್ಕೂಟರಿನ ಹಿಂದೆ ಕೂತು, "ಈಚೆಗೆ ನಿಮಗೆ ನನ್ನ ಮಾತು ಕೇಳಿಸೋದೇ ಇಲ್ಲ, ಒಂದ್ಸಲ ತಿರುಗಿಯಾದ್ರೂ ನೋಡ್ಬಾರ್ದಾ?" ಎಂದು ಮುನಿಸಿಕೊಂಡಳು. ಕೇಳಿಸುತ್ತಿದೆ ಎಂದೆ. ಅವಳು ನಂಬಲಿಲ್ಲ.

ಅಂಧೇರಿಯ ಒಂದು ಕನ್ನಡ ಸಂಘದವರು ಭಾನುವಾರ ಭಾಷಣಕ್ಕೆ ಕರೆದರು. ಹೇಳಬೇಕಾದುದನ್ನೆಲ್ಲ ಹೇಳಿದೆ, ಪಾವ್‌ವಾಲಾನ ಸೈಕಲ್ಲಿನ ಬಗ್ಗೆಯೂ ಹೇಳಿದೆ. ಗೇಟಿನ ಹತ್ತಿರ ಆಡಿದ ಮಾತನ್ನು ಹೇಳಲಿಲ್ಲ. ಸಭೆ ಮುಗಿದ ಮೇಲೆ ಅಧ್ಯಕ್ಷರು ತಮ್ಮ ಕಾರಿನಲ್ಲಿ ನನ್ನನ್ನು ಮನೆಗೆ ಬಿಡುತ್ತೇನೆಂದು ಹತ್ತಿಸಿಕೊಂಡರು. ಗೇಟು ದಾಟಿದ್ದೇ ಪೂರ್ತಿ ನನ್ನ ಕಡೆ ತಿರುಗಿದರು.

"ಬಹಳ ಚೆನ್ನಾಗಿ ಮಾತಾಡಿದ್ರಿ ಸಾರ್. ಕಣ್ಣಲ್ಲಿ ನೀರು ಬಂತು."

"ಮುಂದೆ ನೋಡಿ ಸಾರ್."

"ಅಯ್ಯೋ, ಈ ರಸ್ತೆ ನಂಗೆ ಬಾಯಿಪಾಠ. ನೀವು ಹೇಳಿ, ಆ ಡ್ರೈವರ್ ಏನಾದ?"

ಮುಂದೆ ನೋಡಿ ಎಂದು ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಅವರ ಮುಖ ಸಪ್ಪಗಾಯಿತು. ಮನೆಯವರೆಗೂ ರಸ್ತೆಯನ್ನೇ ನೋಡುತ್ತ ಓಡಿಸಿದರು. ಸಂಘದಿಂದ ಮತ್ತೆ ಕರೆ ಬರಲಿಲ್ಲ. ಅವತ್ತು ನನಗೆ ಸ್ಪಷ್ಟವಾಯಿತು: ಇದು ನನ್ನಿಂದ ಆಗುವ ಕೆಲಸವಲ್ಲ. ಮುಖ ನೋಡದೆ ಮಾತಾಡುವುದನ್ನು ಪ್ರೀತಿಯೆಂದು ಒಪ್ಪುವ ಮನೆ ನನಗೆ ಒಂದೂ ಸಿಗಲಿಲ್ಲ, ನನ್ನದನ್ನೂ ಸೇರಿಸಿ.

ತೊಂಬತ್ತರ ದಶಕ ಶುರುವಾದ ಮೇಲೆ ಒಂದು ಮಧ್ಯಾಹ್ನ ಜೋಗೇಶ್ವರಿಗೆ ಹೋದೆ. ಡ್ರೈವರ್ ಈಗ ಮನೆಯ ಹಿಂದಿನ ಒಂದು ಸಣ್ಣ ಯುನಿಟ್ಟಿನಲ್ಲಿ, ತಗಡು ಒತ್ತುವ ಪವರ್ ಪ್ರೆಸ್ಸಿನ ಮುಂದೆ ಕೂತಿದ್ದಾನೆಂದು ಅವನ ಹೆಂಡತಿ ಕೈ ತೋರಿಸಿ ಹೇಳಿದಳು. ಒಳಗೆ ಬರುವಂತೆ ಈ ಸಲ ಕರೆಯಲಿಲ್ಲ. ತಗಡಿನ ಚೂರನ್ನು ಅಚ್ಚಿನ ಕೆಳಗಿಡುವುದು, ಪೆಡಲ್ ತುಳಿಯುವುದು, ಧಡ್ ಎಂದು ಪ್ರೆಸ್ಸು ಬೀಳುವುದು, ಕೈ ಹಿಂದಕ್ಕೆ. ಕಣ್ಣು ತಪ್ಪಿದರೆ ಬೆರಳು ಹೋಗುತ್ತದೆ. ಅವನ ಹತ್ತೂ ಬೆರಳು ನೆಟ್ಟಗಿದ್ದವು.

ಪಕ್ಕದಲ್ಲಿ ನಿಂತೆ. ಯಾರು ಬಂದಿದ್ದಾರೆಂದು ಅವನಿಗೆ ಗೊತ್ತಾಯಿತು.

"ಹೇಳ್ರಿ ಸಾಹೇಬ್ರ. ಕೇಳಾಕತ್ತೀನಿ" ಎಂದ, ಅಚ್ಚಿನ ಮೇಲಿನ ಕಣ್ಣು ತೆಗೆಯದೆ.

ಹೇಳಿದೆ. ವಿಚಾರಣೆಯಲ್ಲಿ ನಾನು ಅರ್ಧವೇ ಹೇಳಿದೆ, ಉಳಿದರ್ಧ ಹೇಳಿದ್ದರೆ ನೀನು ಉಳಿಯುತ್ತಿದ್ದೆಯೋ ಏನೋ, ಹೆದರಿ ಸಹಿ ಹಾಕಿದೆ, ತಪ್ಪಾಯಿತು ಎಂದೆ. ಪ್ರೆಸ್ಸಿನ ಸದ್ದಿನ ಮಧ್ಯೆ ಕೂಗಿಕೊಂಡು ಹೇಳಬೇಕಾಯಿತು. ಅವನು ಪ್ರತಿ ಮಾತಿಗೂ "ಹೂಂನ್ರಿ" ಎಂದ. ಒಂದನ್ನೂ ತಪ್ಪಿಸಲಿಲ್ಲ. ಚೂರು ಇಟ್ಟ, ತುಳಿದ, ತೆಗೆದ. ಅಂದು ಬಾನೆಟ್ಟಿನ ಮೇಲೆ ಕೂತು ನಾನು ಕಂಡಿದ್ದ ಅದೇ ನೆಟ್ಟಗಿನ ಕತ್ತು.

ಊಟದ ಬೆಲ್ ಹೊಡೆಯಿತು. ಯಾರೋ ಮೇನ್ ಸ್ವಿಚ್ ತೆಗೆದರು. ಪ್ರೆಸ್ಸಿನ ದೊಡ್ಡ ಚಕ್ರ ನಿಧಾನವಾಗಿ ತಿರುಗಿ ನಿಂತಿತು. ಇನ್ನು ನೋಡುವುದಕ್ಕೆ ಅಚ್ಚಿನ ಕೆಳಗೆ ಏನೂ ಇರಲಿಲ್ಲ. ಅವನು ಕೈಯೊರೆಸಿಕೊಂಡು, ನಿಂತುಹೋದ ಪ್ರೆಸ್ಸನ್ನೇ ನೋಡುತ್ತ ಕೂತ.

"ನನ್ನ ಕಡೆ ಒಂದ್ಸಲ ನೋಡಪ್ಪ" ಎಂದೆ.

"ಕೇಳೇನ್ರಿ ಸಾಹೇಬ್ರ, ಎಲ್ಲಾ ಕೇಳೇನಿ" ಎಂದ. ಮುಖ ಕೊಡಲಿಲ್ಲ.